ಮನೆಯವರಿಗೆ ಕೊರೋನಾ ಬಂದಾಗ ನಾಯಿ, ಬೆಕ್ಕುಗಳನ್ನು ಹೇಗೆ ನೋಡಿಕೊಂಡಿರಿ?

ಹಾಸನದಿಂದ, ಸಲಹೆ ಕೋರಿ

ಮೊನ್ನೆ ನನಗೆ ಕೋವಿಡ್ ಇರುವುದು ಪರೀಕ್ಷೆಯಲ್ಲಿ ಖಚಿತವಾಯಿತು. ಜ್ವರ ಹೆಚ್ಚಿಲ್ಲ, ಮಹಡಿಯ ಕೋಣೆಯಲ್ಲಿ ಒಬ್ಬಳೇ ಇದ್ದೇನೆ. ಮನೆಯಲ್ಲಿ ಹನ್ನೊಂದು ವರ್ಷದ ನಾಯಿಯೂ ಮೂರು ವರ್ಷದ ಬೆಕ್ಕೂ ಇವೆ. ಬೆಕ್ಕು ಮರಿಯಾಗಿದ್ದಾಗಿನಿಂದ ನನ್ನ ಹಾಸಿಗೆಯಲ್ಲೇ ಮಲಗುತ್ತದೆ. ಜ್ವರ ಬಂದ ಹಿಂದಿನ ರಾತ್ರಿಯೂ ನನ್ನ ಪಕ್ಕದಲ್ಲೇ ಇತ್ತು. ಇಂದು ಅದು ಎರಡು ಬಾರಿ ಸೀನಿತೆಂದು ಮನೆಯವರು ಹೇಳಿದರು. ಅತ್ತೆಯವರಿಗೆ ಎಪ್ಪತ್ತೆರಡು ವರ್ಷ, ಸಕ್ಕರೆ ಕಾಯಿಲೆಯೂ ಇದೆ. ಹೀಗಾಗಿ ಬೆಕ್ಕನ್ನು ಊರಾಚೆಯ ತೋಟದಲ್ಲಿ ಬಿಟ್ಟು ಬರುವ ಮಾತು ನಡೆದಿದೆ. ನಮ್ಮಿಂದ ಈ ಪ್ರಾಣಿಗಳಿಗೆ ಸೋಂಕು ತಗಲುತ್ತದೆಯೇ? ತಗಲಿದರೆ ಅವುಗಳಿಂದ ಅತ್ತೆಯವರಿಗೆ ಅಪಾಯವಿದೆಯೇ? ಇಂಥ ದಿನಗಳನ್ನು ದಾಟಿದವರು ತಾವು ಏನು ಮಾಡಿದಿರೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಮೈಸೂರಿನಿಂದ

ದಯವಿಟ್ಟು ಬೆಕ್ಕನ್ನು ತೋಟದಲ್ಲಿ ಬಿಡಬೇಡಿ. ಹಾಸಿಗೆಯಲ್ಲಿ ಮಲಗಿ ಬೆಳೆದ ಬೆಕ್ಕಿಗೆ ತೋಟದ ನಾಯಿಗಳಿಂದ ತಪ್ಪಿಸಿಕೊಳ್ಳಲು ಬರುವುದಿಲ್ಲ.

2021ರ ಮೇ ತಿಂಗಳಲ್ಲಿ, ರಾಜ್ಯದಲ್ಲಿ ಲಾಕ್‌ಡೌನ್ ಇದ್ದಾಗ, ನನಗೂ ನನ್ನ ಪತ್ನಿಗೂ ಒಂದೇ ದಿನ ಸೋಂಕು ಖಚಿತವಾಯಿತು. ಮನೆಯಲ್ಲಿದ್ದ ಮೂರನೆಯ ಜೀವವೆಂದರೆ ನಮ್ಮ ಲ್ಯಾಬ್ರಡಾರ್ ನಾಯಿ. ಅದಕ್ಕೆ ಅನ್ನ ಹಾಕುವವರು ನಾವಿಬ್ಬರೇ ಆಗಿದ್ದರಿಂದ ಪೂರ್ತಿ ದೂರವಿಡುವುದು ಸಾಧ್ಯವಾಗಲಿಲ್ಲ. ಸೋಪಿನಿಂದ ಕೈ ತೊಳೆದು, ಮಾಸ್ಕ್ ಹಾಕಿಕೊಂಡು, ಬಟ್ಟಲಿಗೆ ಅನ್ನ ಹಾಕಿ ಹಿಂದಕ್ಕೆ ಸರಿಯುತ್ತಿದ್ದೆವು. ಮುಖ ನೆಕ್ಕಲು ಅದು ಓಡಿ ಬಂದಾಗಲೆಲ್ಲ ಅಡುಗೆಮನೆಯ ಬಾಗಿಲು ಹಾಕಿಕೊಳ್ಳಬೇಕಾಗುತ್ತಿತ್ತು. ಆ ಹತ್ತು ದಿನ ಮನಸ್ಸಿಗೆ ತುಂಬ ಕಷ್ಟವಾಗಿದ್ದು ಅದೇ.

ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಪಕ್ಕದ ಮನೆಯ ಹುಡುಗ ಬೆಳಿಗ್ಗೆ, ಸಂಜೆ ತನ್ನದೇ ಸರಪಳಿ ತಂದು ನಾಯಿಯನ್ನು ಹೊರಗೆ ತಿರುಗಾಡಿಸಿ ಗೇಟಿನೊಳಗೆ ಬಿಟ್ಟು ಹೋಗುತ್ತಿದ್ದ. ಹೊರಗಿನಿಂದ ಏನಾದರೂ ಅಂಟಿಕೊಂಡು ಬಂದೀತೆಂಬ ಭಯದಿಂದ ನಾನು ಪ್ರತಿ ಬಾರಿಯೂ ಅದರ ಪಾದಗಳಿಗೂ ಹೊಟ್ಟೆಯ ಕೂದಲಿಗೂ ಸ್ಯಾನಿಟೈಸರ್ ಹಚ್ಚಿ ಒರೆಸಿದೆ. ಮೂರನೆಯ ದಿನದ ಹೊತ್ತಿಗೆ ಬೆರಳ ಸಂದುಗಳು ಕೆಂಪಾಗಿ ಬಿರಿದವು. ಉರಿ ತಾಳಲಾರದೆ ಅದು ನೆಕ್ಕಿ ನೆಕ್ಕಿ ವಾಂತಿ ಮಾಡತೊಡಗಿತು. ಇದು ಕೊರೋನಾವೇ ಎಂದು ಹೆದರಿ ಆ ರಾತ್ರಿ ಇಬ್ಬರೂ ಕಣ್ಣು ಮುಚ್ಚಲಿಲ್ಲ. ಬೆಳಿಗ್ಗೆ ಪಶುವೈದ್ಯರಿಗೆ ಪಾದದ ಚಿತ್ರ ಕಳುಹಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆಯೇ ಸ್ಯಾನಿಟೈಸರ್ ಹಚ್ಚಿದಿರಾ ಎಂಬುದಾಗಿತ್ತು. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒಣಬಟ್ಟೆಯಿಂದ ಒರೆಸತೊಡಗಿದ ಮೇಲೆ ವಾರದೊಳಗೆ ವಾಸಿಯಾಯಿತು. ಕೆಮ್ಮಾಗಲಿ ಜ್ವರವಾಗಲಿ ಅದಕ್ಕೆ ಕೊನೆಯವರೆಗೂ ಬರಲಿಲ್ಲ.

ಧಾರವಾಡದಿಂದ, ಪಶುವೈದ್ಯ

ಮೊದಲ ಪ್ರಶ್ನೆಗೆ ಉತ್ತರ ಹೌದು: ಮನುಷ್ಯರಿಂದ ನಾಯಿ, ಬೆಕ್ಕುಗಳಿಗೆ ಈ ಸೋಂಕು ತಗಲುತ್ತದೆ. 2020ರ ಫೆಬ್ರುವರಿ ಕೊನೆಯಲ್ಲಿ ಹಾಂಗ್‌ಕಾಂಗ್‌ನಲ್ಲಿ ಸೋಂಕಿತರೊಬ್ಬರ ಮನೆಯ 17 ವರ್ಷದ ಪೊಮೆರೇನಿಯನ್ ನಾಯಿಯಲ್ಲಿಯೂ, ಮಾರ್ಚ್‌ನಲ್ಲಿ ಇನ್ನೊಂದು ಮನೆಯ ಜರ್ಮನ್ ಶೆಫರ್ಡ್‌ನಲ್ಲಿಯೂ ವೈರಾಣು ಪತ್ತೆಯಾಯಿತು. ನಾಯಿಗಳಲ್ಲಿ ಸಿಕ್ಕ ವೈರಾಣುವಿನ ತಳಿರಚನೆಯು ಅದೇ ಮನೆಯ ಮನುಷ್ಯರಲ್ಲಿ ಸಿಕ್ಕ ವೈರಾಣುವಿನ ತಳಿರಚನೆಗೆ ಹೊಂದಿಕೆಯಾದದ್ದರಿಂದ ಸೋಂಕು ಯಾರಿಂದ ಯಾರಿಗೆ ಹೋಯಿತೆಂಬುದು ಸ್ಪಷ್ಟವಾಯಿತು. ಆದರೆ ಅಂದು ಸೋಂಕಿತರ ಮನೆಗಳಿಂದ ತಂದು ಪರೀಕ್ಷಿಸಿದ 15 ನಾಯಿಗಳಲ್ಲಿ ಸೋಂಕು ಕಂಡದ್ದು ಎರಡರಲ್ಲಿ ಮಾತ್ರ. ಅದೇ ಮಾರ್ಚ್‌ನಲ್ಲಿ ಬೆಲ್ಜಿಯಂನಲ್ಲಿ, ಇಟಲಿಯಿಂದ ಮರಳಿ ಕಾಯಿಲೆ ಬಿದ್ದವರ ಮನೆಯ ಬೆಕ್ಕಿಗೆ ಭೇದಿ, ವಾಂತಿ, ಉಸಿರಾಟದ ತೊಂದರೆಗಳು ಕಾಣಿಸಿಕೊಂಡು ಅದು ಚೇತರಿಸಿಕೊಂಡಿತು.

ನಂತರ ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು ಸೋಂಕಿತರಿದ್ದ 196 ಮನೆಗಳ 310 ನಾಯಿ, ಬೆಕ್ಕುಗಳನ್ನು ಪರೀಕ್ಷಿಸಿ 2021ರಲ್ಲಿ ವರದಿ ಮಾಡಿದರು. 13 ಪ್ರಾಣಿಗಳಲ್ಲಿ ವೈರಾಣುವೇ ಸಿಕ್ಕಿತು. 54ರ ರಕ್ತದಲ್ಲಿ ಸೋಂಕು ಬಂದುಹೋದ ಕುರುಹಾದ ಪ್ರತಿಕಾಯಗಳಿದ್ದವು. ಬಹುಪಾಲು ಪ್ರಾಣಿಗಳಲ್ಲಿ ರೋಗಲಕ್ಷಣಗಳು ಇರಲೇ ಇಲ್ಲ ಅಥವಾ ಸೌಮ್ಯವಾಗಿದ್ದವು. ಎಂದರೆ ನಮ್ಮ ಮನೆಗಳಲ್ಲಿ ನಾವು ಗಮನಿಸದೆಯೇ ಎಷ್ಟೋ ಬೆಕ್ಕುಗಳಿಗೆ ಸೋಂಕು ಬಂದು ಹೋಗಿರುತ್ತದೆ.

ನಾಯಿಗಿಂತ ಬೆಕ್ಕಿಗೆ ಇದು ಸುಲಭವಾಗಿ ತಗಲುತ್ತದೆ. ಜೀವಕೋಶದೊಳಗೆ ನುಗ್ಗಲು ವೈರಾಣು ಹಿಡಿದುಕೊಳ್ಳುವ ಎಸಿಇ-2 ಎಂಬ ಪ್ರೋಟೀನು ಬೆಕ್ಕಿನಲ್ಲಿ ಮನುಷ್ಯರದನ್ನು ಬಹುಮಟ್ಟಿಗೆ ಹೋಲುತ್ತದೆ. ಹುಲಿ, ಸಿಂಹಗಳಿಗೂ ಈ ಮಾತು ಅನ್ವಯಿಸುತ್ತದೆ: 2020ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್ ಮೃಗಾಲಯದ ಹುಲಿಗೂ, 2021ರ ಮೇ ತಿಂಗಳಲ್ಲಿ ಹೈದರಾಬಾದಿನ ನೆಹರೂ ಮೃಗಾಲಯದ ಎಂಟು ಸಿಂಹಗಳಿಗೂ, ಜೂನ್‌ನಲ್ಲಿ ಚೆನ್ನೈ ಬಳಿಯ ವಂಡಲೂರಿನ ಸಿಂಹಗಳಿಗೂ ಸೋಂಕು ಬಂದದ್ದು ನಿಮಗೆ ನೆನಪಿರಬಹುದು. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಯಜಮಾನರ ಹಾಸಿಗೆಯಲ್ಲಿ ಮಲಗುವ ಬೆಕ್ಕುಗಳಿಗೆ ಸೋಂಕಿನ ಸಾಧ್ಯತೆ ಹೆಚ್ಚೆಂದು ಕಂಡುಬಂದಿತು. ಹಾಗಾಗಿ ನಿಮ್ಮ ಬೆಕ್ಕಿಗೆ ಸೋಂಕು ತಗಲಿರಲೂಬಹುದು. ಆದರೆ ಎರಡು ಸೀನುಗಳಿಂದ ಅದನ್ನು ನಿರ್ಧರಿಸಲಾಗದು. ಬೆಕ್ಕುಗಳದೇ ಆದ ನೆಗಡಿಯ ವೈರಾಣುಗಳಿವೆ, ನಮ್ಮ ಕಡೆ ಸೀನುವ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಅವೇ ಕಾರಣ. ಬೆಕ್ಕು ಬಾಯಿ ತೆರೆದು ಉಸಿರಾಡಿದರೆ, ಅಥವಾ ಒಂದು ಇಡೀ ದಿನ ಏನನ್ನೂ ಮುಟ್ಟದಿದ್ದರೆ, ಕಾಯದೆ ವೈದ್ಯರಿಗೆ ಫೋನ್ ಮಾಡಿ, ಮನೆಯಲ್ಲಿ ಕೋವಿಡ್ ಇದೆಯೆಂದು ಮೊದಲೇ ತಿಳಿಸಿ.

ಇನ್ನು ಅತ್ತೆಯವರ ವಿಷಯ. ಬೆಕ್ಕಿನಿಂದ ಮನುಷ್ಯರಿಗೆ ಹರಡಿದ ಪ್ರಸಂಗವಿದೆ. 2021ರಲ್ಲಿ ಥಾಯ್ಲೆಂಡಿನ ಸೋಂಗ್‌ಖ್ಲಾದಲ್ಲಿ, ಸೋಂಕಿತರ ಬೆಕ್ಕಿನ ಮೂಗಿನ ದ್ರವ ತೆಗೆಯುವಾಗ ಅದು ಪಶುವೈದ್ಯೆಯ ಮುಖಕ್ಕೇ ಸೀನಿತು. ಅವರು ಮಾಸ್ಕ್, ಕೈಗವಸು ಧರಿಸಿದ್ದರೂ ಕಣ್ಣಿಗೆ ರಕ್ಷಣೆ ಇರಲಿಲ್ಲ, ಕೆಲವು ದಿನಗಳಲ್ಲಿ ಅವರಿಗೂ ಸೋಂಕು ಬಂದಿತು. ಇದು ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗುವಷ್ಟು ಅಪರೂಪದ ಘಟನೆ. ನಿಮ್ಮ ಮನೆಯಲ್ಲಿ ಅತ್ತೆಯವರಿಗೆ ಬೆಕ್ಕಿಗಿಂತ ದೊಡ್ಡ ಅಪಾಯವಿರುವುದು, ನಿಮಗೆ ಊಟ ತಂದಿಟ್ಟು ಅದೇ ಉಸಿರಿನಲ್ಲಿ ಕೆಳಗೆ ಹೋಗಿ ಅವರೊಡನೆ ಮಾತನಾಡುತ್ತ ಕುಳಿತುಕೊಳ್ಳುವವರಿಂದ. ಅವರು ಮಾಸ್ಕ್ ಹಾಕಿಕೊಳ್ಳಲಿ. ಬೆಕ್ಕನ್ನು ಅದರ ಶೌಚದ ಮಣ್ಣಿನ ತಟ್ಟೆ, ನೀರು, ಊಟದ ಸಮೇತ ಕಿಟಕಿಯಿರುವ ಒಂದು ಕೋಣೆಯಲ್ಲಿ ಎರಡು ವಾರ ಇರಿಸಿ, ಅತ್ತೆಯವರು ಅಲ್ಲಿಗೆ ಹೋಗದಂತೆ ನೋಡಿಕೊಳ್ಳಿ. ಮುದಿ ನಾಯಿಯನ್ನು ಅಂಗಳದಲ್ಲೇ ಓಡಾಡಿಸಿದರೆ ಸಾಕು.

ಪ್ರತಿ ಬಾರಿಯೂ ಕೇಳಿಬರುವ ಎರಡು ವಿಷಯಗಳನ್ನು ಸೇರಿಸುತ್ತೇನೆ. ನಾಯಿಯ ಲಸಿಕೆ ಪುಸ್ತಕದಲ್ಲಿ ಕೊರೋನಾ ಎಂದು ಬರೆದಿದ್ದರೆ ಅದು ನಾಯಿಗಳ ಕರುಳಿಗೆ ಬರುವ ಬೇರೆ ಕೊರೋನಾ ವೈರಾಣುವಿನ ಲಸಿಕೆ. ಕೋವಿಡ್‌ಗೆ ಅದರಿಂದ ರಕ್ಷಣೆಯಿಲ್ಲ. ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವು ಪ್ರಾಣಿಗಳಿಗಾಗಿ ಸಿದ್ಧಪಡಿಸಿದ ಅನೋಕೋವ್ಯಾಕ್ಸ್ ಲಸಿಕೆ 2022ರ ಜೂನ್‌ನಲ್ಲಿ ಬಿಡುಗಡೆಯಾಯಿತಾದರೂ, ಅದನ್ನು ಹುಡುಕಿಕೊಂಡು ನೀವು ಅಲೆಯಬೇಕಾಗಿಲ್ಲ. ಎರಡನೆಯದು ಇದಕ್ಕಿಂತ ಮುಖ್ಯ. ನಿಮಗೆ ಜ್ವರಕ್ಕೆ ಕೊಟ್ಟ ಪ್ಯಾರಸಿಟಮಾಲ್ ಮಾತ್ರೆಯ ತುಣುಕನ್ನೂ ಬೆಕ್ಕಿಗೆ ಕೊಡಬೇಡಿ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಒಸಡು ಕಂದುಬಣ್ಣಕ್ಕೆ ತಿರುಗಿ, ಮುಖ ಊದಿ, ಒಂದೇ ಮಾತ್ರೆಯಿಂದ ಜೀವ ಹೋಗುತ್ತದೆ. ನನ್ನ ಬಳಿಗೆ ಹೀಗೆ ಬಂದ ಬೆಕ್ಕುಗಳಲ್ಲಿ ಕೆಲವನ್ನು ಉಳಿಸಲಾಗಲಿಲ್ಲ. ತಂದವರೆಲ್ಲರೂ ಪ್ರೀತಿಯಿಂದಲೇ ಕೊಟ್ಟಿದ್ದರು.

ಹಾಂಗ್‌ಕಾಂಗ್‌ನಲ್ಲಿರುವ ಕನ್ನಡಿಗರಿಂದ

ವೈದ್ಯರು ಹೇಳಿದ ನಾಯಿಯ ಸುದ್ದಿಯನ್ನು ನಾವು ಇಲ್ಲಿಯೇ ಇದ್ದು ಓದಿದವರು. ನಾಯಿ, ಬೆಕ್ಕು ಅಲ್ಲದೆ ಇಲಿಯಂಥ ಪುಟ್ಟ ಸಾಕುಪ್ರಾಣಿಯಾದ ಹ್ಯಾಮ್‌ಸ್ಟರ್ ಸಾಕಿದವರಿಗಾಗಿ ಒಂದು ಮಾತು ಸೇರಿಸುತ್ತೇನೆ. 2022ರ ಜನವರಿಯಲ್ಲಿ ಇಲ್ಲಿನ ಸಾಕುಪ್ರಾಣಿ ಅಂಗಡಿಯೊಂದರ ಕೆಲಸದವರಿಗೂ, ಆಮದಾಗಿ ಬಂದಿದ್ದ ಹ್ಯಾಮ್‌ಸ್ಟರ್‌ಗಳಿಗೂ ಕೋವಿಡ್‌ನ ಡೆಲ್ಟಾ ತಳಿಯ ಸೋಂಕು ಕಂಡುಬಂದು, ಸುಮಾರು 2000 ಸಣ್ಣ ಪ್ರಾಣಿಗಳನ್ನು ಕೊಲ್ಲಲಾಯಿತು; 2021ರ ಡಿಸೆಂಬರ್ 22ರ ನಂತರ ಕೊಂಡವರೆಲ್ಲ ತಮ್ಮ ಹ್ಯಾಮ್‌ಸ್ಟರ್‌ಗಳನ್ನು ಒಪ್ಪಿಸಬೇಕೆಂದು ಸರ್ಕಾರ ಕೇಳಿತು. ನನ್ನ ಮಗಳ ಹ್ಯಾಮ್‌ಸ್ಟರನ್ನು ಅದಕ್ಕೂ ಹಿಂದಿನ ಬೇಸಿಗೆಯಲ್ಲಿ ಕೊಂಡಿದ್ದರಿಂದ ಅದು ಉಳಿಯಿತು, ಆದರೂ ಎರಡು ವಾರ ಬಾಗಿಲ ಗಂಟೆ ಸದ್ದಾದಾಗಲೆಲ್ಲ ಆಕೆ ಬೆಚ್ಚಿಬೀಳುತ್ತಿದ್ದಳು. ಮಾರ್ಚ್‌ನಲ್ಲಿ ನಮ್ಮೆಲ್ಲರಿಗೂ ಸೋಂಕು ಬಂದಾಗ, ಮೊದಲು ಗುಣವಾದ ನಾನೊಬ್ಬನೇ ಮಾಸ್ಕ್, ಕೈಗವಸು ಹಾಕಿ ಪಂಜರ ಶುಚಿ ಮಾಡುತ್ತಿದ್ದೆ. ಈ ಪುಟ್ಟ ಪ್ರಾಣಿಗೆ ಸೋಂಕು ಬಹು ಸುಲಭವಾಗಿ ತಗಲುವುದರಿಂದ, ನಾಯಿಯ ವಿಷಯದಲ್ಲಿ ಇರುವುದಕ್ಕಿಂತ ಹೆಚ್ಚಿನ ಎಚ್ಚರ ಬೇಕು.

ಬೆಂಗಳೂರಿನಿಂದ

ನಾನು ಒಂಟಿಯಾಗಿ ವಾಸಿಸುವವನು. 2020ರ ಜುಲೈನಲ್ಲಿ ನನಗೆ ಸೋಂಕು ಬಂದಾಗ ಆಂಬ್ಯುಲೆನ್ಸ್ ಒಂದು ಗಂಟೆಯೊಳಗೆ ಬಾಗಿಲಿಗೆ ಬಂತು. ಬೆಕ್ಕು ಮಂಚದ ಕೆಳಗಿತ್ತು, ಮನೆಯ ಬೀಗದ ಕೈ ನನ್ನ ಜೇಬಿನಲ್ಲೇ ಉಳಿಯಿತು. ಒಳಗೆ ಒಂದು ಜೀವವಿದೆಯೆಂದು ಫೋನಿನಲ್ಲಿ ಎಷ್ಟು ಹೇಳಿದರೂ ಕೇಳುವವರು ಸಿಗಲಿಲ್ಲ. ಒಂದೂವರೆ ದಿನದ ಮೇಲೆ ನನ್ನ ತಂಗಿ ಆಸ್ಪತ್ರೆಯ ಕಾವಲುಗಾರರ ಮೂಲಕ ಕೀಲಿ ತರಿಸಿಕೊಂಡು ಬಾಗಿಲು ತೆರೆದಳು; ಬೆಕ್ಕು ಬಚ್ಚಲಿನ ಬಕೆಟ್ಟಿನ ನೀರು ಕುಡಿದು ಬದುಕಿತ್ತು. ಅಕ್ಕಾ, ನಿಮ್ಮ ಜ್ವರ ಕಡಿಮೆಯಿರುವ ಈಗಲೇ ಇನ್ನೊಂದು ಕೀಲಿ ಮಾಡಿಸಿ ನಂಬಿಕೆಯ ಒಬ್ಬರಿಗೆ ಕೊಡಿ. ಯಾವ ಹೊತ್ತಿಗೆ ಏನು, ಎಷ್ಟು ಹಾಕಬೇಕು, ನಾಯಿಗೆ ಯಾವ ಮಾತ್ರೆ ನಡೆಯುತ್ತಿದೆ, ವೈದ್ಯರ ಫೋನ್ ಸಂಖ್ಯೆ ಯಾವುದು ಎಂಬುದನ್ನೆಲ್ಲ ಚೀಟಿಯಲ್ಲಿ ಬರೆದಿಡಿ.

ಬೆಳಗಾವಿಯಿಂದ

2020ರಲ್ಲಿ ಕೋಳಿಯಿಂದ ಕೊರೋನಾ ಬರುತ್ತದೆಂಬ ಸುಳ್ಳು ಸುದ್ದಿ ಹಬ್ಬಿ, ನಮ್ಮ ಜಿಲ್ಲೆಯಲ್ಲಿ ಸಾಕಿದವರೇ ಸಾವಿರಾರು ಕೋಳಿಗಳನ್ನು ಜೀವಂತ ಗುಂಡಿಗೆ ಹಾಕಿ ಮುಚ್ಚಿದರು. ಚೀನಾದ ಹಾರ್ಬಿನ್‌ನಲ್ಲಿ ಅದೇ ವರ್ಷ ಪ್ರಯೋಗ ಮಾಡಿ ನೋಡಿದಾಗ ಕೋಳಿ, ಬಾತು, ಹಂದಿಗಳಿಗೆ ಈ ಸೋಂಕು ಅಂಟಲೇ ಇಲ್ಲ. ಹೆದರಿಕೆಯಲ್ಲಿ ತೆಗೆದುಕೊಂಡ ನಿರ್ಧಾರವನ್ನು ಹಿಂದೆ ತೆಗೆದುಕೊಳ್ಳಲಾಗದೆ ಕುಳಿತ ಮನೆಗಳನ್ನು ಕಂಡಿದ್ದೇನೆ, ಆದ್ದರಿಂದ ಬೆಕ್ಕಿನ ವಿಷಯದಲ್ಲಿ ಎರಡು ವಾರ ತಡೆಯಿರಿ ಎಂದು ನಿಮ್ಮ ಯಜಮಾನರಿಗೆ ನನ್ನ ಪರವಾಗಿ ಹೇಳಿ.

ಹಾಸನದಿಂದ, ಆರು ದಿನಗಳ ನಂತರ

ಎಲ್ಲರಿಗೂ ವಂದನೆಗಳು. ಈ ಉತ್ತರಗಳನ್ನು ಅತ್ತೆಯವರಿಗೆ ಫೋನಿನಲ್ಲಿ ಓದಿ ಹೇಳಿದೆ. ತೋಟದ ಮಾತು ಅಲ್ಲಿಗೇ ನಿಂತಿತು. ಬೆಕ್ಕು ಕೆಳಗಿನ ಹಿಂಬದಿಯ ಕೋಣೆಯಲ್ಲಿದೆ. ಸೀನು ಮೂರನೆಯ ದಿನಕ್ಕೇ ನಿಂತು, ಚೆನ್ನಾಗಿ ತಿನ್ನುತ್ತಿದೆ. ಅತ್ತೆಯವರ ಪರೀಕ್ಷೆ ನೆಗೆಟಿವ್ ಬಂದಿದೆ. ಇನ್ನೊಂದು ಕೀಲಿ ಎದುರು ಮನೆಯವರ ಬಳಿ ಇದೆ, ನಾಯಿಯ ಊಟದ ಚೀಟಿಯನ್ನು ಅತ್ತೆಯವರೇ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದಾರೆ. ನನಗೆ ವಾಸಿಯಾದ ಮೇಲೆ ಬೆಕ್ಕನ್ನು ಮತ್ತೆ ಹಾಸಿಗೆಗೆ ಯಾವಾಗ ಬಿಟ್ಟುಕೊಳ್ಳಬಹುದು?

ಧಾರವಾಡದಿಂದ, ಪಶುವೈದ್ಯ

ಬೆಕ್ಕಿನ ಎರಡು ವಾರಗಳು ಮುಗಿದು, ನಿಮ್ಮ ಪರೀಕ್ಷೆಯೂ ನೆಗೆಟಿವ್ ಬಂದ ದಿನ ಬಿಟ್ಟುಕೊಳ್ಳಿ. ಅದಕ್ಕೆ ಮೊದಲು ಹೊದಿಕೆ, ದಿಂಬಿನ ಚೀಲಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ.