ಆಕ್ಟೇವಿಯಾ 1.8 ಟಿಎಸ್‌ಐ: ಬೂಸ್ಟ್ ಇದೆ, ರೈಲ್ ಪ್ರೆಷರ್ ನಿಲ್ತಿಲ್ಲ

ವಿಜಯನಗರ_ಆಕ್ಟೇವಿಯಾ
ಎಲ್ಲರಿಗೂ ನಮಸ್ಕಾರ. ನನ್ನದು 2015ರ ಸ್ಕೋಡಾ ಆಕ್ಟೇವಿಯಾ ಪೆಟ್ರೋಲ್ ಟರ್ಬೊ ಕಾರು, ಏಳು ಗೇರಿನ ಡಿಎಸ್‌ಜಿ (ಎರಡು ಕ್ಲಚ್‌ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್). ಸ್ಟೇಜ್ 1 ರೀಮ್ಯಾಪ್ ಆಗಿದೆ, ಅಂದರೆ ಪವರ್ ಜಾಸ್ತಿ ಸಿಗಲಿ ಅಂತ ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ (ಮ್ಯಾಪ್) ಬದಲಾಯಿಸಿದ್ದೇನೆ. ಮೂರನೇ ಗೇರಲ್ಲಿ ಪೂರ್ತಿ ಒತ್ತಿದರೆ 4,500 ಆರ್‌ಪಿಎಂವರೆಗೆ ಚೆನ್ನಾಗಿ ಎಳೆಯುತ್ತೆ, ಆಮೇಲೆ ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗಾಗುತ್ತೆ. ಓಡಿಸುವಾಗ ದಾಖಲಾದ ಲಾಗ್‌ನಲ್ಲಿ ರೈಲ್ ಪ್ರೆಷರ್ (ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್‌ಗಳಿಗೆ ಸೇರೋ ಪೈಪಿನ ಒತ್ತಡ) ಎಂಜಿನ್ ಕಂಪ್ಯೂಟರ್ ಕೇಳಿರೋದು 200 ಬಾರ್, ಸಿಗ್ತಿರೋದು 150. ಬೂಸ್ಟ್ (ಟರ್ಬೊ ಎಂಜಿನ್‌ಗೆ ತಳ್ಳೋ ಗಾಳಿಯ ಒತ್ತಡ) ಇನ್ನೊಂಚೂರು ಏರಿಸಿದರೆ ಸರಿಹೋಗುತ್ತೆ ಅಂತ ಟ್ಯೂನರ್ ಹೇಳ್ತಿದ್ದಾರೆ. ನನಗೆ ಧೈರ್ಯ ಬರ್ತಿಲ್ಲ.

ಪೀಣ್ಯ_ಟರ್ಬೊ
ಸ್ಪಾರ್ಕ್ ಪ್ಲಗ್ ಯಾವಾಗ ಬದಲಾಯಿಸಿದ್ರಿ?

ಬಸವನಗುಡಿ_ಗ್ಯಾರೇಜ್
ಪ್ಲಗ್ ಹೋಗಿದ್ದರೆ ಮಿಸ್‌ಫೈರ್ ಆಗುತ್ತೆ, ರೈಲ್ ಪ್ರೆಷರ್ ಬೀಳಲ್ಲ. ಇಲ್ಲಿ ಪೆಟ್ರೋಲೇ ಸಾಲ್ತಿಲ್ಲ. ದಯವಿಟ್ಟು ಬೂಸ್ಟ್ ಏರಿಸಬೇಡಿ, ಈಗಿರೋದನ್ನೇ ಇಳಿಸಿ. ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಕಮ್ಮಿಯಾದರೆ ನಾಕ್ (ಪೆಟ್ರೋಲ್ ತಾನಾಗೇ ಸಿಡಿದು ಬಡಿಯೋದು) ಶುರುವಾಗುತ್ತೆ, ಪಿಸ್ಟನ್ ಒಡೆಯೋದು ಹೀಗೇ.

ಈ ಎಂಜಿನ್‌ಗೆ ಎರಡು ಪಂಪು. ಟ್ಯಾಂಕ್‌ನಲ್ಲಿರೋದು ಪೆಟ್ರೋಲನ್ನು ಮುಂದಕ್ಕೆ ಕಳಿಸುತ್ತೆ. ಕ್ಯಾಮ್‌ಶಾಫ್ಟ್‌ನಿಂದ ಓಡೋ ಹೈ ಪ್ರೆಷರ್ ಪಂಪು ಅದನ್ನು ರೈಲಿಗೆ ತುಂಬುತ್ತೆ. ಎರಡೂ ಕಡೆಯ ಪ್ರೆಷರ್ ಮತ್ತು ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಪ್ರಮಾಣದ ಅಳತೆ) ಒಂದೇ ಲಾಗ್‌ನಲ್ಲಿ ತೆಗೆಸಿ. ನೈಸ್ ರೋಡಲ್ಲಿ ಬೇಡ, ಡೈನೊ (ಗಾಡಿಯನ್ನು ನಿಂತಲ್ಲೇ ಓಡಿಸಿ ಅಳೆಯೋ ಯಂತ್ರ) ಮೇಲೆ. ಟ್ಯಾಂಕ್ ಕಡೆ ಮೊದಲು ಕುಸಿದರೆ ಫಿಲ್ಟರ್ ಇಲ್ಲವೇ ಆ ಪಂಪು. ಅದು ಗಟ್ಟಿಯಾಗಿ ನಿಂತು ರೈಲ್ ಮಾತ್ರ ಬಿದ್ದರೆ ಹೈ ಪ್ರೆಷರ್ ಪಂಪು. ರೈಲ್ ಪ್ರೆಷರ್ ಕಮ್ಮಿಯಾದಷ್ಟೂ ಇಂಜೆಕ್ಟರ್ ಹೆಚ್ಚು ಹೊತ್ತು ತೆರೆದಿರಬೇಕು. 6,000 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ 10 ಮಿಲಿಸೆಕೆಂಡ್. ಅಷ್ಟು ಹೊತ್ತು ಎಲ್ಲಿಂದ ತರೋದು?

ನಮ್ಮೂರಿನ ಎತ್ತರವನ್ನೂ ಲೆಕ್ಕಕ್ಕೆ ತಗೊಳ್ಳಿ. ಬೆಂಗಳೂರು ಇರೋದು ಸುಮಾರು 900 ಮೀಟರ್ ಮೇಲೆ, ಇಲ್ಲಿ ಗಾಳಿಯ ಒತ್ತಡವೇ ಸುಮಾರು 0.91 ಬಾರ್. ಮ್ಯಾಪ್ ಒಟ್ಟು 2.2 ಬಾರ್ ಕೇಳಿದರೆ ಮಂಗಳೂರಲ್ಲಿ ಟರ್ಬೊ ಗಾಳಿಯನ್ನು ಹತ್ತಿರ ಹತ್ತಿರ 2.2 ಪಟ್ಟು ಒತ್ತುತ್ತೆ, ಇಲ್ಲಿ 2.4 ಪಟ್ಟು ಒತ್ತಬೇಕು. ಗಾಳಿ ಇನ್ನೂ ಬಿಸಿಯಾಗುತ್ತೆ. ಬೇರೆ ಊರಿನ ಮ್ಯಾಪನ್ನು ಸುಮ್ನೆ ತಂದು ಹಾಕಿದರೆ ಆಗಲ್ಲ. ಈಗ ಬಂಕಲ್ಲಿ ಸಿಗೋದು ಇ20, ಅಂದರೆ ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಇಲ್ಲದ ಪೆಟ್ರೋಲಿಗಿಂತ ಅದು ಅಷ್ಟೇ ಗಾಳಿಗೆ ಶೇ. 7-8ರಷ್ಟು ಜಾಸ್ತಿ ಬೇಕು. ಆ ಹೊರೆಯೂ ಅದೇ ಪಂಪಿನ ಮೇಲೆ.

ಪೀಣ್ಯ_ಟರ್ಬೊ
ಗೇರ್‌ಬಾಕ್ಸ್ ಮರೀಬೇಡಿ. ಆ ಡ್ರೈ ಕ್ಲಚ್ ಡಿಎಸ್‌ಜಿಯ ಮಿತಿ 250 ಎನ್‌ಎಂ (ನ್ಯೂಟನ್ ಮೀಟರ್) ಟಾರ್ಕ್. ಕಂಪನಿ ಕೊಟ್ಟ ಟಾರ್ಕೇ ಅಷ್ಟಿದೆ.

ವಿಜಯನಗರ_ಆಕ್ಟೇವಿಯಾ
ಡೈನೊ ಮೇಲೆ ನೋಡಿಸಿದೆ. ಟ್ಯಾಂಕ್ ಕಡೆಯದೇ ಮೊದಲು ಬಿತ್ತು, 5 ಬಾರ್‌ನಿಂದ 3ಕ್ಕೆ. ರೈಲ್ ಅದರ ಹಿಂದೆಯೇ. ಸದ್ಯ ಸ್ಟಾಕ್ (ಕಂಪನಿಯ ಮೂಲ) ಮ್ಯಾಪಿಗೆ ವಾಪಸ್ ಹಾಕಿಸಿದ್ದೇನೆ. ಹೊಸ ಪಂಪು ತಗೊಳ್ಳಲಾ?

ಬಸವನಗುಡಿ_ಗ್ಯಾರೇಜ್
ಸ್ಟಾಕ್‌ಗೆ ಹೋಗಿದ್ದು ಒಳ್ಳೆಯದಾಯ್ತು. ಮೊದಲು ಫಿಲ್ಟರ್ ಬದಲಾಯಿಸಿ. ಆಮೇಲೆ ಲೋಡ್ ಇರುವಾಗಲೇ ಪಂಪ್ ಕಂಟ್ರೋಲರ್‌ಗೆ ಬರೋ ವೋಲ್ಟೇಜ್ ಅಳೆಸಿ, ಅರ್ಥಿಂಗ್ ನೋಡಿಸಿ. ಅವೆಲ್ಲ ಸರಿಯಿದ್ದೂ ಪ್ರೆಷರ್ ಬಿದ್ದರೆ ಪಂಪ್ ತಗೊಳ್ಳಿ. ಹೊಸ ಲಾಗ್ ಇಲ್ಲಿ ಹಾಕಿ, ನೋಡ್ತೇನೆ.