ಒಂಟಿಯಾಗಿ ಓಡಾಡುವ ನ್ಯೂಟ್ರೋಫಿಲ್‌ಗೆ ಗ್ಯಾಪ್ ಜಂಕ್ಷನ್ ಪ್ರೋಟೀನ್ ಯಾಕೆ?

ಪ್ರಶ್ನೆ: ಝುವಾಲಜಿ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಎಂಎಸ್ಸಿ ಕೊನೇ ವರ್ಷ, ಮುಂದಿನ ವಾರ ಸೆಮಿನಾರ್ ಇದೆ. ಗ್ಯಾಪ್ ಜಂಕ್ಷನ್ ಬಗ್ಗೆ ಓದಿದ್ದು ಹೃದಯದ ಸ್ನಾಯುವಿನ ಪಾಠದಲ್ಲಿ ಮಾತ್ರ. ಪಕ್ಕಪಕ್ಕದ ಎರಡು ಕೋಶಗಳು ತಲಾ ಅರ್ಧ ಕೊಳವೆ ಹಾಕಿ ಜೋಡಿಸಿಕೊಳ್ಳುತ್ತವೆ, ಅದರಲ್ಲಿ ಅಯಾನುಗಳು ಹರಿಯುತ್ತವೆ. ಅಂದರೆ ಕೋಶಗಳು ಅಂಟಿಕೊಂಡೇ ಇರಬೇಕು, ಅಲ್ವಾ? ಆದರೆ ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ) ರಕ್ತದಲ್ಲಿ ಒಂಟಿ. ಸೋಂಕಿನ ಜಾಗಕ್ಕೆ ತೆವಳಿಕೊಂಡು ಹೋಗುವುದೂ ಒಂಟಿಯಾಗಿಯೇ. ಅದರಲ್ಲಿ ಈ ಕೊಳವೆ ಕಟ್ಟುವ ಪ್ರೋಟೀನ್ ಆದ ಕನೆಕ್ಸಿನ್‌ಗೆ ಏನು ಕೆಲಸ?

ಉತ್ತರ: ಸ್ಲೈಡ್_ಮತ್ತು_ಲೆನ್ಸ್

ನಿಮ್ಮ ಅನುಮಾನ ನ್ಯಾಯವಾದದ್ದೇ. ನಾನು ಕೆಲವು ವರ್ಷ ನ್ಯೂಟ್ರೋಫಿಲ್ ಚಲನೆಯ ಲ್ಯಾಬಿನಲ್ಲಿ ಕೆಲಸ ಮಾಡಿದವಳು, ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಆರು ಕನೆಕ್ಸಿನ್ ಸೇರಿದರೆ ಒಂದು ಅರ್ಧ ಕೊಳವೆ. ಎದುರು ಜೋಡಿ ಸಿಗದಿದ್ದರೂ ಅದು ಕೆಲವೊಮ್ಮೆ ಹೊರಗಡೆಗೆ ಬಾಯಿ ತೆರೆಯುತ್ತದೆ. ಆಗ ಕೋಶದೊಳಗಿನ ಎಟಿಪಿ (ಕೋಶಕ್ಕೆ ಶಕ್ತಿ ಒದಗಿಸುವ ಅಣು) ಆಚೆ ಬರುತ್ತದೆ. ಪ್ಯಾನೆಕ್ಸಿನ್ ಅನ್ನುವ ಇನ್ನೊಂದು ಗುಂಪಿದೆ, ಕೀಟಗಳ ಇನೆಕ್ಸಿನ್‌ಗಳಿಗೆ ಹತ್ತಿರದ್ದು. ಅದರ ಮುಖ್ಯ ಕೆಲಸವೇ ಹೀಗೆ ಹೊರಕ್ಕೆ ಬಿಡುವುದು.

ಹೊರಬಂದ ಎಟಿಪಿ ಏನು ಮಾಡುತ್ತದೆ ಅನ್ನುವುದೇ ನನಗೆ ಇವತ್ತಿಗೂ ಅತಿ ಇಷ್ಟವಾದ ಭಾಗ. ನ್ಯೂಟ್ರೋಫಿಲ್‌ನ ಅಗಲ ಸುಮಾರು 10–15 ಮೈಕ್ರಾನ್. ಅಷ್ಟರಲ್ಲಿ ಯಾವ ಕಡೆ ರಾಸಾಯನಿಕ ಜಾಸ್ತಿ ಇದೆ ಅಂತ ಅದು ಗುರುತಿಸಬೇಕು. ವ್ಯತ್ಯಾಸ ತೀರಾ ಕಡಿಮೆ. 2006ರಲ್ಲಿ ಸ್ಯಾನ್ ಡಿಯೇಗೋದ ವೋಲ್ಫ್‌ಗಾಂಗ್ ಯುಂಗರ್ ಅವರ ಗುಂಪು ‘ಸೈನ್ಸ್’ ಪತ್ರಿಕೆಯಲ್ಲಿ ಇದಕ್ಕೊಂದು ಉತ್ತರ ಕೊಟ್ಟಿತು. ಕೋಶ ತನ್ನ ಮುಂಭಾಗದಿಂದ ಎಟಿಪಿ ಬಿಡುತ್ತದೆ, ತನ್ನದೇ ಮೈಮೇಲಿನ ಗ್ರಾಹಕವಾದ ಪಿ2ವೈ2 ರಿಸೆಪ್ಟರ್‌ನಿಂದ ಅದನ್ನು ಗ್ರಹಿಸುತ್ತದೆ. ಸಣ್ಣ ಸುಳಿವು ಹೀಗೆ ದೊಡ್ಡದಾಗುತ್ತದೆ, ದಿಕ್ಕು ಸಿಗುತ್ತದೆ. ಎಟಿಪಿ ಒಡೆದು ಅಡೆನೊಸಿನ್ ಆದಾಗ ಎ3 ರಿಸೆಪ್ಟರ್ ವೇಗ ಕೊಡುತ್ತದೆ.

ನಮ್ಮ ಲ್ಯಾಬಿನಲ್ಲಿ ಬೆಳಿಗ್ಗೆ ರಕ್ತ ತೆಗೆದರೆ ಸಂಜೆಯೊಳಗೆ ಪ್ರಯೋಗ ಮುಗಿಯಬೇಕಿತ್ತು, ಈ ಕೋಶಗಳು ಜಾಸ್ತಿ ಹೊತ್ತು ತಡೆಯುವುದಿಲ್ಲ. ಎಟಿಪಿಯನ್ನು ಒಡೆಯುವ ಅಪೈರೇಸ್ ಹಾಕುತ್ತಿದ್ದೆವು (ಅದನ್ನು ಆಲೂಗಡ್ಡೆಯಿಂದ ತೆಗೆಯುತ್ತಾರೆ). ಸೆಳೆಯುವ ರಾಸಾಯನಿಕ ಬಿಡುವ ಪಿಪೆಟ್ ತುದಿಯ ಕಡೆಗೆ ನೇರವಾಗಿ ಹೋಗುತ್ತಿದ್ದ ಕೋಶಗಳು ಆಮೇಲೆ ಅತ್ತಿತ್ತ ಅಲೆಯುತ್ತಿದ್ದವು.

ಝುವಾಲಜಿ_ದಾವಣಗೆರೆ

ಈಗ ಅರ್ಥ ಆಯಿತು ಮೇಡಂ, ತುಂಬಾ ಥ್ಯಾಂಕ್ಸ್. ಹಾಗಿದ್ದರೆ ಕನೆಕ್ಸಿನ್ ತಡೆದರೆ ಉರಿಯೂತ ಕಡಿಮೆ ಆಗುತ್ತದೆ ಅಂತ ಬರೆಯಬಹುದಾ?

ಉತ್ತರ: ಉಸಿರಾಟದ_ಡಾಕ್ಟರ್

ದಯವಿಟ್ಟು ಹಾಗೆ ಬರೆಯಬೇಡಿ. ಶ್ವಾಸಕೋಶದಲ್ಲಿ ಉಲ್ಟಾ ಆಗುತ್ತದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಜಹರ್ ಭಟ್ಟಾಚಾರ್ಯ ಅವರ ತಂಡ ಬದುಕಿರುವ ಇಲಿಯ ಶ್ವಾಸಕೋಶವನ್ನೇ ಮೈಕ್ರೋಸ್ಕೋಪಿನಲ್ಲಿ ನೋಡಿತು (‘ನೇಚರ್’, 2014). ಗಾಳಿಚೀಲದಲ್ಲಿ ರೋಗಾಣು ನುಂಗುವ ಕೋಶಗಳಾದ ಕೆಲವು ಮ್ಯಾಕ್ರೋಫೇಜ್‌ಗಳು ಜಾಗ ಬಿಟ್ಟು ಕದಲುವುದೇ ಇಲ್ಲ. ಗೋಡೆಯ ಕೋಶಗಳ ಜೊತೆ ಕನೆಕ್ಸಿನ್ 43 ಅನ್ನುವ ಬಗೆಯ ಕೊಳವೆ ಇಟ್ಟುಕೊಂಡು ಕ್ಯಾಲ್ಸಿಯಂ ಅಲೆಗಳ ಮೂಲಕ ಸುದ್ದಿ ಹಂಚುತ್ತವೆ. ಮ್ಯಾಕ್ರೋಫೇಜ್‌ನಲ್ಲಿ ಆ ಪ್ರೋಟೀನ್ ಇಲ್ಲದ ಇಲಿಗಳಲ್ಲಿ ಗಾಳಿಚೀಲಕ್ಕೆ ನುಗ್ಗಿದ ನ್ಯೂಟ್ರೋಫಿಲ್‌ಗಳು ಇನ್ನೂ ಜಾಸ್ತಿ. ವೆಂಟಿಲೇಟರ್ ಮೇಲಿರುವ ರೋಗಿಗಳನ್ನು ದಿನಾ ನೋಡುವ ನನಗೆ ಇದು ಬರೀ ಇಲಿಯ ವಿಷಯ ಅನ್ನಿಸುವುದಿಲ್ಲ.

ಉತ್ತರ: ಸ್ಲೈಡ್_ಮತ್ತು_ಲೆನ್ಸ್

ಡಾಕ್ಟರ್ ಹೇಳಿದ್ದು ಸರಿ. ಇನ್ನೊಂದು ಸೇರಿಸಿಕೊಳ್ಳಿ. ಮೊನೊಸೈಟ್‌ನಲ್ಲಿ (ಇನ್ನೊಂದು ಬಗೆಯ ಬಿಳಿ ರಕ್ತಕಣ) ಕನೆಕ್ಸಿನ್ 37 ಇದೆ. ಜಿನೀವಾದ ಬ್ರೆಂಡಾ ಕ್ವಾಕ್ ಅವರ ಗುಂಪು 2006ರಲ್ಲಿ ತೋರಿಸಿದ್ದು: ಅದರ ಮೂಲಕ ಹೊರಬರುವ ಎಟಿಪಿ, ಮೊನೊಸೈಟ್ ಅಂಟಿಕೊಳ್ಳುವುದನ್ನು ಕಡಿಮೆ ಮಾಡುತ್ತದೆ. ಆ ಜೀನ್ ತೆಗೆದ ಇಲಿಗಳ ರಕ್ತನಾಳದಲ್ಲಿ ಕೊಬ್ಬಿನ ಗಡ್ಡೆ ಹೆಚ್ಚಾಯಿತು. ನ್ಯೂಟ್ರೋಫಿಲ್‌ಗೆ ದಾರಿ ತೋರಿಸುವ ಎಟಿಪಿಯೇ ಇಲ್ಲಿ ಮೊನೊಸೈಟನ್ನು ತಡೆಯುತ್ತದೆ. ಆದ್ದರಿಂದ ಯಾವ ಕೋಶ, ಯಾವ ಕನೆಕ್ಸಿನ್ ಅಂತ ಹೇಳದೆ ಒಂದು ವಾಕ್ಯವನ್ನೂ ಬರೆಯಬೇಡಿ.

ನ್ಯೂಟ್ರೋಫಿಲ್‌ನಲ್ಲಿ ಎಟಿಪಿಯನ್ನು ಬಿಡುವ ಬಾಗಿಲು ಯಾವುದು ಅಂತ ಗೈಡ್ ಖಂಡಿತ ಕೇಳುತ್ತಾರೆ. 2006ರಲ್ಲಿ ಎಲ್ಟ್‌ಷಿಗ್ ಗುಂಪು ಕನೆಕ್ಸಿನ್ 43 ಅಂದಿತು. 2010ರಲ್ಲಿ ಯುಂಗರ್ ಗುಂಪು ಪ್ಯಾನೆಕ್ಸಿನ್ 1 ಅಂದಿತು. ಎರಡನ್ನೂ ಹೇಳಿ. ಇಂಥ ಪೇಪರ್ ಓದುವಾಗ ಯಾವ ಬ್ಲಾಕರ್ (ಕೊಳವೆ ಮುಚ್ಚುವ ಔಷಧಿ) ಬಳಸಿದ್ದಾರೆ ಅಂತ ಮೊದಲು ನೋಡಿ. ಕಾರ್ಬೆನಾಕ್ಸೊಲೋನ್ ಜೇಷ್ಠಮಧುವಿನ ಸಾರದಿಂದ ಮಾಡಿದ್ದು, ಹಿಂದೆ ಹೊಟ್ಟೆಹುಣ್ಣಿಗೆ ಕೊಡುತ್ತಿದ್ದರು. ಅದು ಕನೆಕ್ಸಿನ್ ಮತ್ತು ಪ್ಯಾನೆಕ್ಸಿನ್ ಎರಡನ್ನೂ ಮುಚ್ಚುತ್ತದೆ, ಪ್ಯಾನೆಕ್ಸಿನ್ 1 ಅನ್ನು ಕಡಿಮೆ ಪ್ರಮಾಣದಲ್ಲೇ. ಗೌಟ್‌ಗೆ ಕೊಡುವ ಪ್ರೊಬೆನೆಸಿಡ್ ಪ್ಯಾನೆಕ್ಸಿನ್ ತಡೆಯುತ್ತದೆ, ಕನೆಕ್ಸಿನ್ ಗೋಜಿಗೆ ಹೋಗುವುದಿಲ್ಲ. ಕಾರ್ಬೆನಾಕ್ಸೊಲೋನ್ ಒಂದನ್ನೇ ನಂಬಿ ‘ಇದು ಕನೆಕ್ಸಿನ್ ಕೆಲಸ’ ಅಂದಿದ್ದರೆ ಅದನ್ನು ಸ್ಲೈಡಿಗೆ ಹಾಕಬೇಡಿ. ಜೀನ್ ತೆಗೆದು ನೋಡಿದ ಪ್ರಯೋಗ ಹುಡುಕಿ.