'ಲೂಬಿಚ್ ಟಚ್' – ಈ 'ಟಚ್'ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಹಳೆಯ ಹಾಲಿವುಡ್ ಸಿನಿಮಾಗಳ ಬಗ್ಗೆ ಬರೆಯಲು ಕೂತು ಒಂದೇ ಪದಕ್ಕೆ ಎರಡು ದಿನದಿಂದ ತಡಕಾಡುತ್ತಿದ್ದೇನೆ. ಅರ್ನ್ಸ್ಟ್ ಲೂಬಿಚ್ (1892–1947) ಬರ್ಲಿನ್‌ನಲ್ಲಿ ಹುಟ್ಟಿ, 1922ರಲ್ಲಿ ಅಮೆರಿಕಕ್ಕೆ ಹೋಗಿ, ಪ್ರೇಮದ ಹಾಸ್ಯಚಿತ್ರಗಳಿಗೆ ಹೆಸರಾದ ನಿರ್ದೇಶಕ. ಈತನ ವರಸೆಗೆ 'ಲೂಬಿಚ್ ಟಚ್' ಅಂತಲೇ ಹೆಸರು. ನಾನು ಸುಮ್ನೆ 'ಲೂಬಿಚ್ ಸ್ಪರ್ಶ' ಎಂದು ಬರೆದೆ. ಮತ್ತೆ ಓದಿದರೆ ಮುಲಾಮಿನ ಜಾಹೀರಾತಿನ ಹಾಗಿದೆ.

ಕಿವಿಗೆ ಹಿಡಿಸಲಿಲ್ಲ ಅನ್ನೋದಷ್ಟೇ ಅಲ್ಲ, ಅರ್ಥವೂ ತಿರುಗುಮುರುಗಾಗುತ್ತದೆ. ಈತನ ಕಸುಬೇ ಮುಟ್ಟದೆ ಹೇಳುವುದು. 1934ರ 'ದಿ ಮೆರ್ರಿ ವಿಡೋ' ನೋಡಿ. ರಾಜ ರಾಣಿಯ ಕೋಣೆಯಿಂದ ಹೊರಡುತ್ತಾನೆ. ಕಾವಲಿಗಿದ್ದ ಅಧಿಕಾರಿ ಮೆಲ್ಲಗೆ ಒಳಗೆ ಹೋಗುತ್ತಾನೆ. ಬಾಗಿಲು ಮುಚ್ಚುತ್ತದೆ, ನಾವು ಹೊರಗೇ. ಅಷ್ಟರಲ್ಲಿ ರಾಜನಿಗೆ ಕತ್ತಿ, ಬೆಲ್ಟು ಬಿಟ್ಟುಬಂದದ್ದು ನೆನಪಾಗುತ್ತದೆ. ವಾಪಸ್ ಹೋಗುತ್ತಾನೆ. ಗುಟ್ಟು ರಟ್ಟಾಯಿತು ಅಂದುಕೊಂಡರೆ, ಏನೂ ತಿಳಿಯದವನ ಹಾಗೆ ಬೆಲ್ಟು ಹಿಡಿದು ಹೊರಗೆ ಬರುತ್ತಾನೆ. ಸೊಂಟಕ್ಕೆ ಸುತ್ತಿಕೊಳ್ಳಲು ನೋಡಿದರೆ ಸಾಲುವುದೇ ಇಲ್ಲ! ಅದು ಅವನದ್ದಲ್ಲ. (ಲೂಬಿಚ್‌ನ ಅಪ್ಪ ದರ್ಜಿ. ಸೊಂಟದ ಅಳತೆಯ ಮಹತ್ವ ಮಗನಿಗೆ ಗೊತ್ತಿರದೆ ಇರುತ್ತಾ?)

ಇದಕ್ಕೆ 'ಛಾಪು' ಅಂದರೆ ಭಾರ, ಅದು ಒತ್ತಿ ಮೂಡಿಸುವ ಗುರುತು. 'ಶೈಲಿ' ಯಾರಿಗೆ ಬೇಕಾದರೂ ಹೊಂದುತ್ತದೆ. 'ಅಂಕಿತ' ಚೆನ್ನಾಗಿದೆ, ಆದರೆ ಕೀರ್ತನೆಯ ಅಂಕಿತ ಎದ್ದು ಕಾಣುತ್ತದೆ. ಇಲ್ಲಿ ರುಜು ಇರುವುದೇ ಕಾಣದ ಕಡೆ.

ಸದ್ಯಕ್ಕೆ 'ಕೈಚಳಕ'ದ ಕಡೆ ವಾಲಿದ್ದೇನೆ. ಅದಕ್ಕೆ ಜೇಬುಗಳ್ಳರ ವಾಸನೆ ಇದೆ ಅಂತ ಗೆಳೆಯರೊಬ್ಬರ ಆಕ್ಷೇಪ. ಇರಲಿ ಬಿಡಿ! 1932ರ 'ಟ್ರಬಲ್ ಇನ್ ಪ್ಯಾರಡೈಸ್'ನಲ್ಲಿ ನಾಯಕ, ನಾಯಕಿ ಇಬ್ಬರೂ ಕಳ್ಳರೇ. ಊಟದ ಮೇಜಿನಲ್ಲಿ ಒಬ್ಬರದ್ದನ್ನೊಬ್ಬರು ಕದಿಯುತ್ತಲೇ ಪ್ರೀತಿಗೆ ಬೀಳುತ್ತಾರೆ. ನನ್ನ ಅನುಮಾನ ಬೇರೆ. ಕೈಚಳಕದಲ್ಲಿ ಕೆಲಸವೆಲ್ಲ ಮಾಡುವವನ ಕೈಯದ್ದು. ಲೂಬಿಚ್ ಅರ್ಧ ಕೆಲಸ ನೋಡುವವರಿಗೇ ಬಿಡುತ್ತಾನೆ, ಅಲ್ವಾ? ಆ ಲೆಕ್ಕಕ್ಕೆ ಕಾವ್ಯಮೀಮಾಂಸೆಯ 'ಧ್ವನಿ' (ನೇರವಾಗಿ ಹೇಳದೆ ಹೊಳೆಯಿಸುವ ಅರ್ಥ) ಸರಿಯಾದ ಪದ. ಆದರೆ ಸಿನಿಮಾ ಬರಹದಲ್ಲಿ 'ಲೂಬಿಚ್ ಧ್ವನಿ' ಅಂದರೆ ಓದುವವರು ಮೈಕಿನ ಕಡೆಗೇ ಹೋಗುತ್ತಾರೆ.

ಹೇಳದೆ ಬಿಟ್ಟು ತಿಳಿಸುವ ಈ ಜಾಣತನಕ್ಕೆ ನಿಮ್ಮ ಮಾತಿನಲ್ಲಿ ಬೇರೆ ಪದ ಇದೆಯಾ? 'ಕೈಚಳಕ'ವೇ ಸಾಕು ಅನ್ನಿಸಿದರೆ ಅದನ್ನೂ ಹೇಳಿ.